ಗಾಜಿನ ಬೀರುವಿನಲ್ಲಿ ಏನಿಡುವುದು?



ಕಳೆದ ಕಾರ್ತಿಕ ಮಾಸದಲ್ಲಿ ರಾಮನಗರದ ಹೊಸ ಬಡಾವಣೆಯೊಂದರಲ್ಲಿ ನನ್ನ ತಮ್ಮನ ಮಗ ಕಟ್ಟಿಸಿದ ಮನೆಯ ಗೃಹಪ್ರವೇಶ ನೆರವೇರಿತು. ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡ ಹುಡುಗ. ತಾಯಿ ಹುಳು ಸಾಕಿ, ಸೊಪ್ಪು ಹೊತ್ತು ಓದಿಸಿದಳು. ಈಗ ಬಿಡದಿಯ ಕಾರ್ಖಾನೆಯೊಂದರಲ್ಲಿ ಒಳ್ಳೆಯ ಕೆಲಸ. ಮಠದ ಅಯ್ಯನವರು ಪೂಜೆ ಮುಗಿಸಿ, ಹಾಲುಕ್ಕಿಸಿ, ಬಂದವರಿಗೆಲ್ಲ ಪ್ರಸಾದವಾಯಿತು. ಆ ತಾಯಿಯ ಕಣ್ಣಿನಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ವರ್ಣಿಸಲಾರೆ.

ಮಧ್ಯಾಹ್ನ ಆಕೆ ನನ್ನನ್ನು ಕರೆದುಕೊಂಡು ಹೋಗಿ ಒಂದೊಂದೇ ಕೋಣೆಯನ್ನು ತೋರಿಸಿದಳು. ದೇವರ ಮನೆ, ಅಡುಗೆ ಮನೆ, ದಾಸ್ತಾನು ಕೋಣೆ. ಊಟದ ಕೋಣೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಚಂದದ ಬೀರು ಒಂದಿತ್ತು. ಒಳಗೆ ಪುಟ್ಟ ಪುಟ್ಟ ದೀಪಗಳು. ಮುಂದೆ ಎದೆಮಟ್ಟದ ಕಟ್ಟೆ. ಅದರ ಬಳಿ ಎರಡು ಎತ್ತರದ ಕುರ್ಚಿಗಳು.

"ಭಾವ, ಇದರಲ್ಲಿ ನಮ್ಮ ಹಳೆಯ ಚನ್ನಪಟ್ಟಣದ ಗೊಂಬೆಗಳನ್ನು ಜೋಡಿಸೋಣ ಅಂತಿದ್ದೀನಿ" ಎಂದಳು.

ಪಕ್ಕದಲ್ಲಿ ಬಾಗಿಲಿನ ತಿರುಪು ಬಿಗಿಮಾಡುತ್ತಿದ್ದ ಬಡಗಿ ನಿಷ್ಕಪಟವಾಗಿ ನಕ್ಕು, "ಅದು ಗೊಂಬೆಗಲ್ಲ ಅಮ್ಮ, ಬಾರ್ ಯೂನಿಟ್ಟು. ಈಗ ಬಹಳ ಮನೆಗಳಿಗೆ ಕೇಳಿ ಮಾಡಿಸ್ಕೋತಾರೆ" ಎಂದ.

ಆಕೆಯ ಮುಖ ಬಾಡಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅಡುಗೆ ಮನೆಗೆ ನಡೆದುಬಿಟ್ಟಳು. ಅಂದು ಸಂಜೆಯವರೆಗೂ ಮಗನೊಡನೆ ಮಾತನಾಡಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ನಾನು ತಾರಸಿಯಲ್ಲಿ ಕುಳಿತು ರಾಮದೇವರ ಬೆಟ್ಟದ ಕಡೆ ನೋಡುತ್ತಿದ್ದೆ. ಹುಡುಗ ಬಂದು ಪಕ್ಕದಲ್ಲಿ ಕುಳಿತ.

"ದೊಡ್ಡಪ್ಪ, ಅಮ್ಮನಿಗೆ ನೀವೇ ತಿಳಿಸಿ ಹೇಳಬೇಕು. ನಾನು ಕುಡುಕನಲ್ಲ. ನನಗೀಗ ಇಪ್ಪತ್ತೇಳು ವರ್ಷ. ಗೆಳೆಯರು ಬಂದಾಗ ಏನೋ ಒಂದೆರಡು ಅಷ್ಟೆ. ಹೊರಗೆ ಕುಡಿದು ಗಾಡಿ ಓಡಿಸಿಕೊಂಡು ಬರುವುದಕ್ಕಿಂತ ಮನೆಯಲ್ಲೇ ಮರ್ಯಾದೆಯಾಗಿ ಕೂರುವುದು ಒಳ್ಳೆಯದಲ್ಲವೇ? ಏನು, ಎಷ್ಟು, ಹೇಗೆ ಎಂದು ಕೇಳಿ ತಿಳಿಯೋಣವೆಂದರೆ ನಮ್ಮ ಮನೆಗಳಲ್ಲಿ ಇದರ ಬಗ್ಗೆ ಯಾರೂ ಬಾಯಿಯನ್ನೇ ಬಿಡುವುದಿಲ್ಲ."

ಅವನ ಇತರ ಮಾತುಗಳಿಗೆ ನನ್ನ ಬಳಿ ಉತ್ತರವಿತ್ತು. ಕೊನೆಯ ಮಾತಿಗೆ ಇರಲಿಲ್ಲ. ಅದು ಸತ್ಯವಾಗಿತ್ತು. ನಮ್ಮ ಮನೆಯ ಮಟ್ಟಿಗಂತೂ ಅವನು ತಿಳಿದುದಕ್ಕಿಂತ ಹೆಚ್ಚು ಸತ್ಯವಾಗಿತ್ತು. ಆದುದರಿಂದ ಈ ತಿಂಗಳ ಅಂಕಣದಲ್ಲಿ ನಮ್ಮ ಪತ್ರಿಕೆಯ ಪುಟಗಳು ಸಾಮಾನ್ಯವಾಗಿ ಮುಟ್ಟದ ವಿಷಯವನ್ನೇ ಎತ್ತಿಕೊಂಡಿದ್ದೇನೆ. ಹಿರಿಯರು ಕ್ಷಮಿಸಬೇಕು, ಕಿರಿಯರು ಪೂರ್ತಿ ಓದಬೇಕು.

ನಮ್ಮದು ಸದಾಚಾರದ ಪರಂಪರೆ, ನಮ್ಮ ಮನೆಗಳಲ್ಲಿ ಮದ್ಯದ ಪ್ರಸ್ತಾಪವೇ ಬರಕೂಡದು ಎಂದು ನಾವು ತಿಳಿದಿದ್ದೇವೆ. ಆದರೆ ಶರಣರು ಹೀಗೆ ಮೌನವಾಗಿರಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬುವನು ಒಬ್ಬ. ಹೆಂಡ ಮಾರುವುದೇ ಅವನ ವೃತ್ತಿ. ಧರ್ಮೇಶ್ವರಲಿಂಗ ಎಂಬ ಅಂಕಿತದಲ್ಲಿ ಅವನ ವಚನಗಳು ಇಂದಿಗೂ ನಮಗೆ ದೊರೆಯುತ್ತವೆ. ಅಮಲಿನ ನಡುವೆ ನಿಂತು ಅರಿವನ್ನು ಕುರಿತು ಮಾತನಾಡಿದ ಆತನನ್ನು ಶರಣ ಸಮೂಹ ದೂರವಿಡಲಿಲ್ಲ. ನಮ್ಮ ಕಾಲದಲ್ಲೇ, ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರು. ಜೋಳಿಗೆಗೆ ಅವರು ಬೇಡಿದ ಭಿಕ್ಷೆ ಧಾನ್ಯವಲ್ಲ, ಕಾಸಲ್ಲ, ಜನರ ದುಶ್ಚಟಗಳು. ನಿಮ್ಮ ಕುಡಿತವನ್ನು, ತಂಬಾಕನ್ನು ಇದರಲ್ಲಿ ಹಾಕಿಬಿಡಿ ಎಂದು ಊರೂರು, ಕೇರಿಕೇರಿ ಸುತ್ತಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಜನಿಸಿದ ಆಗಸ್ಟ್ 1ನೆಯ ದಿನವನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಕುಡಿಯುವವನ ಮನೆಯ ಬಾಗಿಲಿಗೇ ಹೋಗಿ ಮಾತನಾಡಿಸಿದ ಪರಂಪರೆಯವರು ನಾವು. ನಮ್ಮ ಮನೆಯ ಮಕ್ಕಳನ್ನು ಮಾತನಾಡಿಸಲು ನಾವೇಕೆ ನಾಚಬೇಕು?

ಹುಡುಗನಿಗೆ ಅಂದು ನಾನು ಉಪದೇಶ ಮಾಡಲಿಲ್ಲ. ಮೂವತ್ತೈದು ವರ್ಷ ಗಣಿತ, ವಿಜ್ಞಾನ ಕಲಿಸಿದ ಮೇಷ್ಟರು ನಾನು. ಹೀಗಾಗಿ ಮೊದಲು ಲೆಕ್ಕವನ್ನೇ ಹೇಳಿದೆ.

ಅಂಗಡಿಯ ವಿಸ್ಕಿ, ರಮ್ಮು, ಬ್ರಾಂದಿಗಳ ಚೀಟಿಯ ಮೇಲೆ ಸಾಮಾನ್ಯವಾಗಿ 42.8 ಎಂದು ಅಚ್ಚಾಗಿರುತ್ತದೆ. ಅಂದರೆ ನೂರು ಭಾಗದಲ್ಲಿ ಅಷ್ಟು ಭಾಗ ಮದ್ಯಸಾರ. 30 ಮಿಲಿಲೀಟರಿನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, 60ರ ದೊಡ್ಡ ಪೆಗ್ಗಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿರುತ್ತದೆ. ಬಿಯರ್ ಎಂದರೆ ಬರಿಯ ಬಾರ್ಲಿ ನೀರು ಎಂದು ನಮ್ಮ ಹುಡುಗರು ನಂಬಿದ್ದಾರೆ. 650 ಮಿಲಿಲೀಟರಿನ ಒಂದು ದೊಡ್ಡ ಸೀಸೆ, ನೂರಕ್ಕೆ 8ರ ಸ್ಟ್ರಾಂಗ್ ಬಿಯರ್ ಆದರೆ, ಅದರಲ್ಲಿ ಸುಮಾರು 41 ಗ್ರಾಂ ಇರುತ್ತದೆ. ಅಂದರೆ ನಾಲ್ಕು ಸಣ್ಣ ಪೆಗ್ಗಿನಷ್ಟು. ನೂರಕ್ಕೆ 5ರ ಸಾದಾ ಬಿಯರಾದರೂ ಒಂದು ಸೀಸೆಯಲ್ಲಿ ಒಂದು ದೊಡ್ಡ ಪೆಗ್ಗಿಗಿಂತ ಹೆಚ್ಚೇ ಇದೆ. "ನಾನು ಬರೀ ಬಿಯರ್ ಕುಡಿಯುವವನು" ಎಂಬ ಮಾತಿಗೆ ಈ ಲೆಕ್ಕದಲ್ಲಿ ಬೆಲೆಯಿಲ್ಲ.

ಇನ್ನು ವೆಚ್ಚದ ಲೆಕ್ಕ. ಒಳಗೆ ಹೋದದ್ದನ್ನು ಕರಗಿಸುವ ಕಾಯಕ ಯಕೃತ್ತಿನದು. ಅದು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಆತುರಪಡಿಸಿದರೆ ಅದು ಓಡುವುದಿಲ್ಲ. ನಿಂಬೆರಸ, ಮಜ್ಜಿಗೆ, ಕಡುಕಾಫಿ, ತಣ್ಣೀರ ಸ್ನಾನ ಇವುಗಳಿಂದ ಎಚ್ಚರವಾದಂತೆ ಅನಿಸಬಹುದು. ರಕ್ತದಲ್ಲಿರುವುದು ಒಂದು ಗ್ರಾಮೂ ಇಳಿಯುವುದಿಲ್ಲ. ರಾತ್ರಿ ಹತ್ತಕ್ಕೆ ಎರಡು ಸೀಸೆ ಸ್ಟ್ರಾಂಗ್ ಬಿಯರ್ ಮುಗಿಸಿದವನು ಬೆಳಗಿನ ಆರರ ಪಾಳಿಗೆ ಯಂತ್ರದ ಮುಂದೆ ನಿಂತಾಗ, ಅವನ ರಕ್ತ ಇನ್ನೂ ತಿಳಿಯಾಗಿರದಿರಬಹುದು. ಕಾರ್ಖಾನೆಯಲ್ಲಿ ದುಡಿಯುವ ಬಿಡದಿ, ಹಾರೋಹಳ್ಳಿ ಕಡೆಯ ಯುವಕರು ಇದನ್ನು ನೆನಪಿನಲ್ಲಿಡಬೇಕು.

ಮನೆಯಲ್ಲಿ ಕುಡಿದರೆ ಕ್ಷೇಮವೆಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ರಸ್ತೆಯ ಅಪಾಯವೊಂದು ತಪ್ಪುತ್ತದೆ. ಉಳಿದ ಅರ್ಧ ಹೀಗಿದೆ. ಅಂಗಡಿಯಲ್ಲಿ ಅಳತೆಯ ಲೋಟವಿರುತ್ತದೆ, ಬಾಗಿಲು ಮುಚ್ಚುವ ಹೊತ್ತಿರುತ್ತದೆ, ಕೊನೆಗೆ ಬಿಲ್ಲಾದರೂ ಬರುತ್ತದೆ. ಮನೆಯಲ್ಲಿ ಇವು ಯಾವುವೂ ಇಲ್ಲ. ಕಣ್ಣಳತೆಯಲ್ಲಿ ಸುರಿದುಕೊಂಡದ್ದು ಸಾಮಾನ್ಯವಾಗಿ ಪೆಗ್ಗನ್ನು ಮೀರುತ್ತದೆ. 750ರ ಒಂದು ಸೀಸೆಯಲ್ಲಿ 25 ಸಣ್ಣ ಪೆಗ್ಗುಗಳಿರುತ್ತವೆ. ಅಳೆಯದೆ ಸುರಿಯುವವನಿಗೆ ಅದು ಎಷ್ಟು ಸಲಕ್ಕೆ ಖಾಲಿಯಾಯಿತೆಂಬುದೇ ತಿಳಿಯುವುದಿಲ್ಲ. ಗೆಳೆಯರು ಬರಲಿ ಎಂದು ತಂದಿಟ್ಟ ಸೀಸೆ ಗೆಳೆಯರು ಬಾರದ ದಿನವೂ ಕಣ್ಣೆದುರಿಗೇ ಇರುತ್ತದೆ. ನಿದ್ರೆ ಬಾರದ ರಾತ್ರಿ, ಮೇಲಧಿಕಾರಿ ಬೈದ ಸಂಜೆ, ಒಬ್ಬನೇ ಇರುವ ಭಾನುವಾರ, ಕೈ ತಾನಾಗಿ ಅತ್ತ ಹೋಗುತ್ತದೆ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ನಿಜ. ಆದರೆ ರಾತ್ರಿಯ ಎರಡನೆಯ ಭಾಗದ ನಿದ್ರೆಯನ್ನು ಕೆಡಿಸುತ್ತದೆ. ಮರುದಿನದ ಆಯಾಸಕ್ಕೆ ಮತ್ತೆ ಅದೇ ಔಷಧವೆಂದು ತೋರುತ್ತದೆ. ಗಾಣದೆತ್ತಿನ ಸುತ್ತು ಹೀಗೆ ಪ್ರಾರಂಭವಾಗುತ್ತದೆ.

ಕಾನೂನನ್ನೂ ಅವನಿಗೆ ತಿಳಿಸಿದೆ. ನಮ್ಮ ರಾಜ್ಯದ 1965ರ ಅಬಕಾರಿ ಕಾಯ್ದೆಯಲ್ಲಿ ಹದಿನೆಂಟು ತುಂಬದವರಿಗೆ ಮಾರಿದರೆ ಶಿಕ್ಷೆಯೆಂದಿದೆ. 1967ರ ಪರವಾನಗಿ ನಿಯಮಗಳಲ್ಲಿ ಇಪ್ಪತ್ತೊಂದು ತುಂಬದವರಿಗೆ ಕೊಡಬಾರದೆಂದಿದೆ. ಈ ಇಪ್ಪತ್ತೊಂದನ್ನು ಹದಿನೆಂಟಕ್ಕೆ ಇಳಿಸುವ ಕರಡೊಂದು 2023ರ ಜನವರಿಯಲ್ಲಿ ಹೊರಬಿದ್ದಿತು. ಜನರ ಆಕ್ಷೇಪ ಬಂದ ಮೇಲೆ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಮಿದುಳಿನ ಬೆಳವಣಿಗೆ ಸುಮಾರು ಇಪ್ಪತ್ತೈದರವರೆಗೆ ಸಾಗುತ್ತದೆಂಬುದನ್ನು ನೆನೆದರೆ ಆ ಮೂರು ವರ್ಷಗಳಿಗೆ ಬೆಲೆಯಿದೆ. ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದೆಂಬುದಕ್ಕೂ ಅಬಕಾರಿ ನಿಯಮಗಳಲ್ಲಿ ಮಿತಿಯುಂಟು. ಬೀರು ದೊಡ್ಡದಾದ ಮಾತ್ರಕ್ಕೆ ಮಿತಿ ಹಿಗ್ಗುವುದಿಲ್ಲ. ವಾಹನ ಚಾಲಕನ ರಕ್ತದಲ್ಲಿ ನೂರು ಮಿಲಿಲೀಟರಿಗೆ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಉಂಟು. ಅರವತ್ತೈದು ಕಿಲೋ ತೂಕದ ಯುವಕ ಒಂದು ದೊಡ್ಡ ಸೀಸೆ ಸ್ಟ್ರಾಂಗ್ ಬಿಯರನ್ನು ಬೇಗ ಕುಡಿದರೆ ಈ ಮಿತಿಯ ಎರಡು ಮೂರು ಪಟ್ಟನ್ನು ಮುಟ್ಟಬಲ್ಲ. ನಮ್ಮೂರುಗಳ ಪಕ್ಕದಲ್ಲೇ ಬೆಂಗಳೂರು-ಮೈಸೂರು ಹೆದ್ದಾರಿ ಹಾದುಹೋಗಿದೆ. 2023ರಲ್ಲಿ ಅದು ತೆರೆದ ಮೇಲೆ ವಾಹನಗಳ ವೇಗ ಎಷ್ಟಿದೆಯೆಂದು ನೀವೇ ಕಂಡಿದ್ದೀರಿ. ಬೈಕುಗಳಿಗೆ ಆ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಲ್ಲಿಸಿದರು. ಆದರೆ ಪಕ್ಕದ ರಸ್ತೆಯಲ್ಲಿ ಬಿದ್ದರೂ ತಲೆ ಒಡೆಯುತ್ತದೆ.

"ಹಾಗಾದರೆ ಎಷ್ಟು ಕುಡಿದರೆ ತೊಂದರೆಯಿಲ್ಲ ದೊಡ್ಡಪ್ಪ?" ಎಂದ ಹುಡುಗ. ಲೆಕ್ಕ ಕೇಳಿದವನು ಉತ್ತರವನ್ನೂ ಅಂಕಿಯಲ್ಲೇ ಬಯಸುತ್ತಾನೆ. ಆ ಅಂಕಿ ಸೊನ್ನೆ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಸಾರಿತು. ಬಾಯಿ, ಗಂಟಲು, ಅನ್ನನಾಳ, ಯಕೃತ್ತು, ಕರುಳು, ಸ್ತ್ರೀಯರ ಸ್ತನ ಇಷ್ಟು ಅಂಗಗಳ ಕ್ಯಾನ್ಸರಿಗೆ ಮದ್ಯ ಕಾರಣವಾಗಬಲ್ಲದು. ದಿನಕ್ಕೊಂದು ಗುಟುಕು ಹೃದಯಕ್ಕೆ ಹಿತವೆಂಬ ಹಳೆಯ ಮಾತನ್ನು ಇಂದಿನ ತಜ್ಞರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಕಡಿಮೆ ಕುಡಿದವನಿಗೆ ಕಡಿಮೆ ಅಪಾಯ, ಹೆಚ್ಚು ಕುಡಿದವನಿಗೆ ಹೆಚ್ಚು ಅಪಾಯ. ಕುಡಿಯದವನಿಗೆ ಇದರಿಂದ ಅಪಾಯವಿಲ್ಲ. ವೈದ್ಯಶಾಸ್ತ್ರ ಇಂದು ಹೇಳುವುದೂ, ಹಿರಿಯರು ಹಿಂದೆ ಹೇಳಿದುದೂ ಈ ಸ್ಥಳದಲ್ಲಿ ಒಂದಾಗಿವೆ.

ಆದರೂ ವಯಸ್ಸಿಗೆ ಬಂದವನು ತನ್ನ ನಿರ್ಧಾರ ತಾನೇ ಮಾಡುತ್ತಾನೆ. ಹೊರಗೆ ಎಲ್ಲೋ ಒಂದು ದಿನ ಲೋಟ ಅವನ ಮುಂದೆ ಬಂದೇ ಬರುತ್ತದೆ. ಅಂದು ಅವನ ಪ್ರಾಣ ಉಳಿಸುವ ಕೆಲವು ಮಾತುಗಳನ್ನು ಪ್ರತಿಯೊಬ್ಬ ತಂದೆತಾಯಿಯೂ ಮೊದಲೇ ಹೇಳಿರಬೇಕು. ಒಲ್ಲೆ ಎನ್ನಲು ಕಾರಣ ಕೊಡಬೇಕಾಗಿಲ್ಲ. "ನನಗೆ ಬೇಡ" ಎಂಬ ಎರಡು ಪದ ಸಾಕು. ಎರಡನೆಯ ಸಲವೂ ಒತ್ತಾಯಿಸುವವನು ಗೆಳೆಯನಲ್ಲ. ಬರಿಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ. ಪಂದ್ಯ ಕಟ್ಟಿ ಕುಡಿಯುವುದು ಪ್ರಾಣದೊಡನೆ ಪಂದ್ಯ. ನಿದ್ರೆಗುಳಿಗೆ, ಮೂರ್ಛೆರೋಗದ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ ತೆಗೆದುಕೊಳ್ಳುವವರು ಮುಟ್ಟಲೇಬಾರದು. ಗರ್ಭಿಣಿಯರಿಗೆ ಒಂದು ಹನಿಯೂ ಸಲ್ಲದು. ಸ್ತ್ರೀಯರ ದೇಹದಲ್ಲಿ ನೀರಿನಂಶ ಕಡಿಮೆಯಿರುವುದರಿಂದ ಅದೇ ಅಳತೆ ಅವರಿಗೆ ಹೆಚ್ಚು ಏರುತ್ತದೆ. ಮೊಹರಿಲ್ಲದ ಸೀಸೆಯದನ್ನು, ಡಬ್ಬಿಯಿಂದ ಬಿಡಿಯಾಗಿ ಸುರಿದದ್ದನ್ನು ಬಾಯಿಗಿಡಬಾರದು. ಕಳ್ಳಭಟ್ಟಿಯಲ್ಲಿ ಸೇರಬಹುದಾದ ಮೆಥನಾಲ್ ದೇಹದೊಳಗೆ ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನು ಸುಡುತ್ತದೆ, ಪ್ರಾಣವನ್ನೂ ತೆಗೆಯುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ನೆರೆಯ ಕೃಷ್ಣಗಿರಿ ಕಡೆಗಳಲ್ಲಿ ಸೇರಿ ನೂರಕ್ಕೂ ಹೆಚ್ಚು ಜನ ಇಂತಹ ವಿಷಮದ್ಯದಿಂದ ಸತ್ತರು. ಕುಡಿದವನು ಎಬ್ಬಿಸಿದರೂ ಏಳದಿದ್ದರೆ "ಮಲಗಲಿ ಬಿಡಿ" ಎನ್ನಬಾರದು. ಅಂಗಾತ ಮಲಗಿಸದೆ ಒಂದು ಪಕ್ಕಕ್ಕೆ ಹೊರಳಿಸಿ, ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆ ಮಾಡಬೇಕು. ಇದನ್ನು ಹೇಳಿದರೆ ಮಕ್ಕಳಿಗೆ ಕುಡಿಯಲು ಕಲಿಸಿದಂತಾಗುತ್ತದೆಂದು ಅಂಜಬೇಡಿ. ಹಾವಿನ ವಿಷಯ ಹೇಳಿದವನು ಹಾವನ್ನು ಮನೆಗೆ ಕರೆದಂತಾಗುವುದಿಲ್ಲ.

ಇಷ್ಟು ಹೇಳಿ ಮುಗಿಸಿದಾಗ ಹುಡುಗ ತಲೆದೂಗಿದ. "ಸರಿ ದೊಡ್ಡಪ್ಪ, ಲೆಕ್ಕ ಇಟ್ಟುಕೊಂಡೇ ಇರುತ್ತೇನೆ. ನನಗೆ ಅಷ್ಟು ಬೇಗ ಏರುವುದೂ ಇಲ್ಲ. ಗೆಳೆಯರೆಲ್ಲ ತೂರಾಡುವಾಗ ನಾನು ನೆಟ್ಟಗೆ ನಿಂತಿರುತ್ತೇನೆ" ಎಂದ. ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

ಬಂಧುಗಳೇ, ಆ ಮಾತನ್ನು ನಾನು ಮೊದಲೂ ಕೇಳಿದ್ದೆ. ಅದೇ ದನಿಯಲ್ಲಿ, ಅದೇ ಹೆಮ್ಮೆಯಲ್ಲಿ ಅವನ ತಂದೆ ಹೇಳಿದ್ದ.

1990ರ ಮಾತು. ಕನಕಪುರ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಗೋಡೆಗೆ ಹೊಂದಿಸಿದ ಗಾಜಿನ ಬೀರುವೊಂದಿತ್ತು. ಅದರಲ್ಲಿ ಚನ್ನಪಟ್ಟಣದ ಅರಗಿನ ಗೊಂಬೆಗಳು, ನನಗೆ ಶಾಲೆಯಲ್ಲಿ ಬಂದ ಒಂದೆರಡು ಬಹುಮಾನಗಳು. ಗಲ್ಫ್ ದೇಶದಿಂದ ಬಂದ ನನ್ನ ಸಹಪಾಠಿಯೊಬ್ಬ ಆ ವರ್ಷ ವಿದೇಶಿ ಸೀಸೆಯೊಂದನ್ನು ಕಾಣಿಕೆಯಾಗಿ ಕೊಟ್ಟ. ನಾನು ಕುಡಿಯುವವನಲ್ಲ. ಆದರೆ ಸೀಸೆ ಚಂದವಾಗಿತ್ತು, ಬಂದವರು "ಫಾರಿನ್ನಿನದೇ ಮೇಷ್ಟ್ರೇ?" ಎಂದು ಕೇಳುವುದು ಇನ್ನೂ ಚಂದವಾಗಿತ್ತು. ಗೊಂಬೆಗಳ ನಡುವೆ ಅದನ್ನು ನಿಲ್ಲಿಸಿದೆ. ತಾಯಿ ಬೇಡವೆಂದರು. "ನಾನೇನು ಕುಡಿಯುತ್ತೇನೆಯೇ, ಅಲಂಕಾರಕ್ಕೆ ಇರಲಿ ಬಿಡಮ್ಮ" ಎಂದೆ.

ಮರುವರ್ಷ ಯುಗಾದಿಗೆ ಸುಣ್ಣ ಬಳಿಯುವಾಗ ಬೀರುವನ್ನು ಖಾಲಿಮಾಡಿದೆ. ಸೀಸೆ ಕುತ್ತಿಗೆಯವರೆಗೂ ತುಂಬಿತ್ತು. ಮುಚ್ಚಳ ಮಾತ್ರ ಸಡಿಲವಾಗಿತ್ತು. ತೆಗೆದು ಮೂಸಿದರೆ ಹಳಸಿದ ಚಹಾ ಡಿಕಾಕ್ಷನ್ನಿನ ವಾಸನೆ! ಯಾರೋ ದಿನಕ್ಕಷ್ಟು ಕುಡಿದು, ಬಣ್ಣ ಕೆಡದಂತೆ ಡಿಕಾಕ್ಷನ್ ತುಂಬಿಸುತ್ತ ಬಂದಿದ್ದರು. ಯಾರೆಂದು ಕೇಳಬೇಕಾಗಿರಲಿಲ್ಲ. ಮನೆಯಲ್ಲಿ ಇಪ್ಪತ್ತೆರಡು ತುಂಬಿದವನು ತಮ್ಮನೊಬ್ಬನೇ. ಅವನು ಹಿತ್ತಲ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದ. ನನಗೆ ತಿಳಿಯಿತೆಂಬುದು ಅವನಿಗೂ ತಿಳಿಯಿತು. ನಾನು ಸೀಸೆಯನ್ನು ತಿಪ್ಪೆಗೆ ಎಸೆದು ಬಂದೆ. ಒಂದು ಮಾತೂ ಆಡಲಿಲ್ಲ. ಬೈದರೆ ಮನೆಯ ಮಾನ ಹೋಗುತ್ತದೆ, ಮದುವೆಯಾದರೆ ಸರಿಹೋಗುತ್ತಾನೆ ಎಂದುಕೊಂಡೆ. ಮುಂದೊಂದು ದಿನ ಕೇಳಿದಾಗ ಅವನೇ, "ನನಗೆ ಏರುವುದೇ ಇಲ್ಲ ಅಣ್ಣ, ಹೆದರಬೇಡ" ಎಂದು ನಕ್ಕ. ನಾನೂ ಸಮಾಧಾನಪಟ್ಟುಕೊಂಡೆ.

ಏರುವುದಿಲ್ಲವೆಂಬುದು ಶಕ್ತಿಯ ಗುರುತಲ್ಲ, ಅಪಾಯದ ಗುರುತು ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಅಂತಹವನಿಗೆ ಸಾಕೆನ್ನುವ ಎಚ್ಚರಿಕೆಯನ್ನು ದೇಹ ಕೊಡುವುದಿಲ್ಲ. ಆದುದರಿಂದ ಹೆಚ್ಚು ಹೆಚ್ಚು ಕುಡಿಯುತ್ತಾನೆ. ಮದುವೆಯಾಯಿತು, ಮಗುವಾಯಿತು. ಆ ಕಾಲದಲ್ಲಿ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಹರಾಜಾದ ಮೇಲೆ ಹಣ ನೋಟಾಗಿಯೇ ಕೈಗೆ ಬರುತ್ತಿತ್ತು. ಈಗಿನಂತೆ ಬ್ಯಾಂಕಿನ ಖಾತೆಗೆ ಜಮೆಯಾಗುತ್ತಿರಲಿಲ್ಲ. ಗಂಡಹೆಂಡಿರು ನಾಲ್ಕನೆಯ ಜ್ವರ ಎದ್ದ ಹುಳುವಿಗೆ ನಡುರಾತ್ರಿಯಲ್ಲೂ ಸೊಪ್ಪು ಹಾಕಿ, ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ತಿಂಗಳೊಪ್ಪತ್ತು ದುಡಿದ ಬೆಳೆಯ ಹಣ ಮನೆ ಮುಟ್ಟುವಷ್ಟರಲ್ಲಿ ಅರ್ಧವಾಗುತ್ತಿತ್ತು. ವಿದೇಶಿ ಸೀಸೆಯಿಂದ ಪ್ರಾರಂಭವಾದದ್ದು ಸಾರಾಯಿ ಪ್ಯಾಕೆಟ್ಟಿಗೆ ಇಳಿದಿತ್ತು. ಸರ್ಕಾರ 2007ರ ಜುಲೈ 1ರಿಂದ ಸಾರಾಯಿಯನ್ನು ನಿಷೇಧಿಸಿತು. ನನ್ನ ತಮ್ಮ 2004ರಲ್ಲೇ ಹೋಗಿದ್ದ. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾಗಿ, ರಕ್ತ ವಾಂತಿಮಾಡಿಕೊಂಡು ಹೋದ. ಯಕೃತ್ತು ಗಂಟುಗಟ್ಟಿದೆ, ಕಾರಣ ಕುಡಿತ ಎಂದು ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ನಾವು ಊರಿಗೆಲ್ಲ "ಕಾಮಾಲೆ" ಎಂದೆವು. ಆರು ವರ್ಷದ ಮಗನಿಗೂ ಹಾಗೆಯೇ ಹೇಳಿದೆವು. ಇಪ್ಪತ್ತೊಂದು ವರ್ಷ ಅದನ್ನೇ ಹೇಳುತ್ತ ಬಂದೆವು. ಮಾನ ಉಳಿಸಿಕೊಳ್ಳಲು ಆಡಿದ ಆ ಒಂದು ಸುಳ್ಳು ಆ ಹುಡುಗನಿಗೆ ಅತ್ಯಗತ್ಯವಾಗಿ ತಿಳಿಯಬೇಕಾದ ಒಂದು ವಿಷಯವನ್ನು ಮುಚ್ಚಿಟ್ಟಿತ್ತು. ತಂದೆಗಾಗಲಿ ತಾಯಿಗಾಗಲಿ ಕುಡಿತದ ವ್ಯಾಧಿ ಇದ್ದರೆ ಮಕ್ಕಳಿಗೆ ಅದು ಬರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಈ ವ್ಯಾಧಿಯ ಸುಮಾರು ಅರ್ಧಭಾಗ ವಂಶವಾಹಿಗಳಲ್ಲೇ ಬರುತ್ತದೆ ಎನ್ನುತ್ತದೆ ವೈದ್ಯವಿಜ್ಞಾನ. ಗೆಳೆಯ ಕುಡಿಯುವ ಲೋಟವೂ ಇವನು ಕುಡಿಯುವ ಲೋಟವೂ ಒಂದೇ ಅಳತೆಯದಿರಬಹುದು. ಅಪಾಯದ ಅಳತೆ ಒಂದೇ ಅಲ್ಲ. ಸಕ್ಕರೆ ಕಾಯಿಲೆಯ ವಂಶವೆಂದರೆ ಹೇಳಿಕೊಳ್ಳುತ್ತೇವೆ, ರಕ್ತದೊತ್ತಡವೆಂದರೆ ಹೇಳಿಕೊಳ್ಳುತ್ತೇವೆ. ಇದನ್ನು ಮಾತ್ರ ಕಾಮಾಲೆ ಎನ್ನುತ್ತೇವೆ.

ಅಂದು ತಾರಸಿಯ ಮೇಲೆ ಎಲ್ಲವನ್ನೂ ಹೇಳಿದೆ. ಸೀಸೆಯನ್ನು ತಂದಿಟ್ಟವನು ನಾನೇ ಎಂಬುದನ್ನೂ, ಡಿಕಾಕ್ಷನ್ನಿನ ವಾಸನೆಯನ್ನೂ, ಆ ದಿನದ ನನ್ನ ಮೌನವನ್ನೂ ಬಿಡದೆ ಹೇಳಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಕೆಳಗಿನ ರಸ್ತೆಯಲ್ಲಿ ವಾಹನಗಳು ಹೋಗುತ್ತಲೇ ಇದ್ದವು. ಕೊನೆಗೆ ಒಂದೇ ಪ್ರಶ್ನೆ ಕೇಳಿದ:

"ಅಪ್ಪ ಹೋದಾಗ ಅವರಿಗೆ ಎಷ್ಟು ವಯಸ್ಸು ದೊಡ್ಡಪ್ಪ?"

"ಮೂವತ್ತಾರು."

ಅವನು ಎದ್ದು ಕೆಳಗೆ ಹೋದ. ಅಡುಗೆ ಮನೆಯಲ್ಲಿ ತಾಯಿಯೂ ಮಗನೂ ಏನು ಮಾತನಾಡಿಕೊಂಡರೋ ನಾನು ಕೇಳಲಿಲ್ಲ. ಆಕೆ ಅಳುತ್ತಿದ್ದಳೆಂದು ಮಾತ್ರ ಬಲ್ಲೆ. ಇಪ್ಪತ್ತೊಂದು ವರ್ಷದ ಮೇಲೆ ಮಗನೆದುರು ಬಿಚ್ಚಿ ಅತ್ತಳೆಂದೂ ಬಲ್ಲೆ.

ಈಗಾಗಲೇ ಈ ಸುಳಿಗೆ ಸಿಕ್ಕವರ ಮನೆಯವರಿಗೆ ನಾಲ್ಕು ಮಾತು. ಶ್ರಾವಣ ಬಂದರೆ ಬಿಡುತ್ತೇನೆ ಎಂದು ಬಿಟ್ಟು, ಶ್ರಾವಣ ಮುಗಿಯುವ ದಿನವನ್ನು ಎಣಿಸುವವನಿದ್ದರೆ, ಅವನ ಮೇಲೆ ಹಿಡಿತ ಯಾರದೆಂದು ತಿಳಿಯಿರಿ. ಅದು ನೀತಿಗೇಡಿತನವಲ್ಲ, ಚಿಕಿತ್ಸೆಯುಳ್ಳ ವ್ಯಾಧಿ. ವರ್ಷಗಟ್ಟಲೆ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಕೈನಡುಕ, ಅಪಸ್ಮಾರ, ಭ್ರಮೆ ಬಂದು ಪ್ರಾಣಕ್ಕೇ ಎರವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲೇ ಬಿಡಿಸಬೇಕು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ನಮ್ಮ ನಾಲ್ಕೂ ಊರುಗಳಿಂದ ಬೆಳಿಗ್ಗೆ ಹೊರಟರೆ ಸಂಜೆಗೆ ಹಿಂದಿರುಗಬಹುದು. 14446 ಎಂಬ ಉಚಿತ ದೂರವಾಣಿಗೆ ಕರೆಮಾಡಿದರೆ ವ್ಯಸನಮುಕ್ತಿಗೆ ಸಲಹೆ ದೊರೆಯುತ್ತದೆ. ಹೆಸರು ಹೊರಬೀಳುವುದೆಂಬ ಭಯಕ್ಕಿಂತ ಮಕ್ಕಳು ತಬ್ಬಲಿಗಳಾಗುವ ಭಯ ದೊಡ್ಡದು.

ಗೃಹಸ್ಥರಿಗೂ ಒಂದು ವಿನಂತಿ. ಮನೆಗೆ ಬಂದವರನ್ನು ಸತ್ಕರಿಸುವುದು ನಮಗೆ ದಾಸೋಹ. ಅತಿಥಿಯ ಮುಂದೆ ಇಡಲು ನಮ್ಮಲ್ಲಿ ಬೇಲದ ಹಣ್ಣಿನ ಪಾನಕವಿದೆ, ಮಜ್ಜಿಗೆಯಿದೆ, ಎಳನೀರಿದೆ, ಹಬೆಯಾಡುವ ಕಾಫಿಯಿದೆ. ಸೀಸೆಯಿಲ್ಲದ ಮನೆಗೆ ಬಾರದ ಗೆಳೆಯ ಬರುತ್ತಿದ್ದುದು ನಿಮಗಾಗಿ ಅಲ್ಲ. ಅಲಂಕಾರಕ್ಕೆಂದು ಇಟ್ಟ ಸೀಸೆಯೂ ಸೀಸೆಯೇ. ಅದನ್ನು ನೋಡುತ್ತ ಬೆಳೆಯುವ ಮಕ್ಕಳಿಗೆ ಅದು ಮನೆಯ ಹಿರಿಯರು ಕೊಟ್ಟ ಒಪ್ಪಿಗೆಯಾಗಿ ಕಾಣುತ್ತದೆ. ಮದ್ಯ ಕುರಿತು ಮಕ್ಕಳೊಡನೆ ಒಮ್ಮೆಯಾದರೂ ಕುಳಿತು ಮಾತನಾಡಿ. ಮನೆತನದಲ್ಲಿ ಇದರಿಂದ ಹೋದವರಿದ್ದರೆ ಅವರ ಹೆಸರು ಹೇಳಿ, ನಿಜವಾದ ಕಾರಣ ಹೇಳಿ. ಸತ್ತವರ ಮಾನ ಅದರಿಂದ ಹೋಗುವುದಿಲ್ಲ. ಬದುಕಿರುವವರ ಪ್ರಾಣ ಉಳಿದೀತು.

ಹೊಸ ಮನೆಯ ಬೀರು ಇಂದಿಗೂ ಖಾಲಿಯಾಗಿಯೇ ಇದೆ. ಹೋದ ವಾರ ಹೋಗಿದ್ದೆ. ಗೊಂಬೆಗಳನ್ನೂ ಜೋಡಿಸಿಲ್ಲ, ಸೀಸೆಗಳನ್ನೂ ಇಟ್ಟಿಲ್ಲ. ಏನಿಡುವೆಯೆಂದು ನಾನು ಕೇಳಲಿಲ್ಲ. ಅದನ್ನು ನಿರ್ಧರಿಸಬೇಕಾದವನು ಅವನು. ನಿರ್ಧರಿಸಲು ಬೇಕಾದ ಸತ್ಯವಂತೂ ಈಗ ಅವನ ಕೈಯಲ್ಲಿದೆ. ನನ್ನ ತಮ್ಮನಿಗೆ ನಾನು ಅಷ್ಟನ್ನೂ ಕೊಟ್ಟಿರಲಿಲ್ಲ.